ಆರುನೂರ ಹನ್ನೆರಡು ತಿದ್ದುಪಡಿ

ಸಂಖ್ಯಾಶಾಸ್ತ್ರದ ಮೇಡಂ ವಿಶ್ವವಿದ್ಯಾಲಯದಲ್ಲಿ ಹದಿನೇಳು ವರ್ಷ ಸೀಮೆಸುಣ್ಣದ ಪುಡಿ ನುಂಗಿದವರು. ಅಂಕಿಗಳು ಎಷ್ಟು ಸಭ್ಯವಾಗಿ ಸುಳ್ಳು ಹೇಳುತ್ತವೆ ಎಂಬುದೇ ಪ್ರತಿ ವರ್ಷ ಅವರ ಮೊದಲ ಪಾಠ. ಅಂಥವರೂ ಒಂದು ಅಂಕಿಯ ಬಾಲ ಹಿಡಿದು ಹೊಳೆಗೆ ಇಳಿದರು ಎಂದರೆ, ಹೊಳೆಯ ಮಹಿಮೆಯೋ ಬಾಲದ ಮಹಿಮೆಯೋ ನೀವೇ ಹೇಳಬೇಕು.

ಆ ವರ್ಷ ವಿಶ್ವವಿದ್ಯಾಲಯದ ನಿರ್ದೇಶಕರು ಹೊಸ ನಿಯಮ ತಂದರು. ಅವರಿಗೆ ಎಲ್ಲವನ್ನೂ ಅಳೆಯುವ ಚಟ. ಬಾಗಿಲಿನ ಚಿಲಕ ದಿನಕ್ಕೆ ಎಷ್ಟು ಸಲ ಸದ್ದು ಮಾಡುತ್ತದೆ ಎಂಬುದಕ್ಕೂ ಪಟ್ಟಿ ಇಟ್ಟವರು. ಹಾಗಾಗಿ ಸ್ಟಾಫ್ ರೂಮಿನಲ್ಲಿ ಅವರಿಗೆ ಮೀಟರ್ ಸಾಹೇಬರೆಂದೇ ಹೆಸರು. ಇನ್ನು ಮೇಲೆ ಒಬ್ಬರು ಹೇಳಿ ಉಳಿದವರು ಕೇಳುವುದು ಸಾಕು, ಪಾಠವನ್ನು ಎಲ್ಲರೂ ಕೂಡಿ ಕಟ್ಟಬೇಕು ಎಂದರು. ಪ್ರತಿ ತರಗತಿಗೂ ಅಂತರ್ಜಾಲದಲ್ಲಿ ಒಂದು ಹಂಚಿಕೆಯ ಪುಟ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು. ಮಾತು ಚೆನ್ನಾಗಿಯೇ ಇತ್ತು. ಮುಳ್ಳು ಇದ್ದದ್ದು ಕೊನೆಯಲ್ಲಿ: ಒಬ್ಬೊಬ್ಬ ವಿದ್ಯಾರ್ಥಿಯೂ ಕನಿಷ್ಠ ನಲವತ್ತು ತಿದ್ದುಪಡಿ ಮಾಡಬೇಕು. ನಲವತ್ತು ಮುಟ್ಟಿದರೆ ಹೆಸರಿನ ಮುಂದೆ ಹಸಿರು ಚುಕ್ಕೆ, ಇಲ್ಲವಾದರೆ ಕೆಂಪು. ಕೆಂಪು ಚುಕ್ಕೆಯವರಿಗೆ ಹಾಲ್ ಟಿಕೆಟ್ ಇಲ್ಲ; ಹಾಲ್ ಟಿಕೆಟ್ ಇಲ್ಲದವರಿಗೆ ಪರೀಕ್ಷೆ ಇಲ್ಲ.

ಮೇಡಂ ತಮ್ಮ ತರಗತಿಗೆ ಒಳ್ಳೆಯ ಕೆಲಸವನ್ನೇ ಕೊಟ್ಟರು. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದ ರೋಗಿ ವೈದ್ಯರ ಮುಖ ನೋಡಲು ಎಷ್ಟು ಹೊತ್ತು ಕಾಯುತ್ತಾನೆ? ಹುಡುಗ ಹುಡುಗಿಯರು ವಾರವಿಡೀ ವೈದ್ಯರ ಕೋಣೆಯ ಬಾಗಿಲಲ್ಲಿ ಕೂತು, ಒಳಗೆ ಹೋದವರ ಚೀಟಿಯ ಮೇಲಿನ ಸಮಯ ಬರೆದುಕೊಂಡರು. ಸರಾಸರಿ ಇಪ್ಪತ್ತೆರಡು ನಿಮಿಷ ಬಂತು. ಅದನ್ನು ಪುಟಕ್ಕೆ ಏರಿಸಿ ಆರು ಪ್ಯಾರಾ ಬರೆದಾಯಿತು. ಮುಂದೆ ತಿದ್ದಲು ಏನೂ ಉಳಿಯಲಿಲ್ಲ. ಆದರೆ ನಲವತ್ತು ಹಾಗೇ ಉಳಿದಿತ್ತು.

ದಾರಿ ಹುಡುಕಿದವರು ಮುಂದಿನ ಬೆಂಚಿನವರು. ಮೂರನೆಯ ಪ್ಯಾರಾವನ್ನು ಎತ್ತಿ ಎರಡನೆಯದರ ಮೇಲೆ ಇಟ್ಟರೆ ಯಂತ್ರ ಅದನ್ನು ಒಂದು ತಿದ್ದುಪಡಿ ಎನ್ನುತ್ತಿತ್ತು. ಅದನ್ನೇ ಕೆಳಗಿಳಿಸಿದರೆ ಇನ್ನೊಂದು. ಎತ್ತುವವರು ಎತ್ತಿದರು, ಇಳಿಸುವವರು ಇಳಿಸಿದರು. ಬಡಪಾಯಿ ಮೂರನೆಯ ಪ್ಯಾರಾ ಒಂದು ಕಡೆ ಕೂತು ಉಸಿರಾಡಿದ್ದೇ ಇಲ್ಲ. ಎರಡು ವಾರದಲ್ಲಿ ತರಗತಿಗೆ ತರಗತಿಯೇ ಹಸಿರು. ಜಪಮಣಿ ಎಣಿಸುವವನಿಗೆ ದೇವರಿಗಿಂತ ಮಣಿಯೇ ದೊಡ್ಡದಾದ ಹಾಗೆ, ಪುಟ ಎಷ್ಟು ಸಲ ಮಿಸುಕಿತು ಎಂಬುದೇ ಎಲ್ಲರಿಗೂ ಮುಖ್ಯವಾಯಿತೇ ಹೊರತು ಅದರಲ್ಲಿ ಏನಿದೆ ಎಂದು ಇಣುಕಿದವರಿಲ್ಲ.

ಮೇಡಂಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮೀಟರ್ ಸಾಹೇಬರು ಸ್ಟಾಫ್ ರೂಮಿಗೆ ಬಂದು, ಇಡೀ ವಿಶ್ವವಿದ್ಯಾಲಯದಲ್ಲಿ ನಿಮ್ಮದೇ ಅತ್ಯಂತ ಚುರುಕಾದ ಪುಟ ಎಂದು ಎಲ್ಲರೆದುರು ಕೈಕುಲುಕಿದರು. ಅವರ ಫೋಟೋವನ್ನು ಗೋಡೆಗೆ ಅಂಟಿಸಿದರು. ಹದಿನೇಳು ವರ್ಷದಲ್ಲಿ ಅವರ ಫೋಟೋ ಗೋಡೆ ಹತ್ತಿದ್ದು ಅದೇ ಮೊದಲು. ಕಂಡೂ ಕಾಣದಂತಿರುವುದು ಅಷ್ಟೇನೂ ಕಷ್ಟವಾಗಲಿಲ್ಲ. ಅವರ ಗಂಡ ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಊಟದ ಹೊತ್ತಿಗೆ ಸುದ್ದಿ ಕೇಳಿ, "ಇಪ್ಪತ್ತು ವರ್ಷದಿಂದ ತಿದ್ತಾ ಇದೀನಿ ಕಣೆ, ನನ್ನ ಕೈ ಯಾರೂ ಕುಲುಕಿಲ್ಲ. ಎಲ್ಲಾ ತಪ್ಪನ್ನೂ ತೆಗೆದುಬಿಡ್ತಿದ್ನಲ್ಲ, ಅಲ್ಲೇ ಎಡವಿದೆ," ಎಂದ. ಮೇಡಂ ನಕ್ಕರು, ಅರ್ಧಕ್ಕೆ ನಿಲ್ಲಿಸಿದರು.

ಪಟ್ಟಿಯಲ್ಲಿ ಒಂದೇ ಒಂದು ಕೆಂಪು ಚುಕ್ಕೆ ಉಳಿದಿತ್ತು. ಅದು ನರ್ಸಮ್ಮನದು.

ನರ್ಸಮ್ಮನಿಗೆ ನಲವತ್ತಮೂರು ವರ್ಷ. ಅದೇ ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಎರಡೂವರೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ವಾರ್ಡಿನ ಮೇಲ್ವಿಚಾರಕಿಯ ಹುದ್ದೆಗೆ ಪದವಿ ಬೇಕು; ಆ ಹುದ್ದೆಗೆ ವಯಸ್ಸಿನ ಮಿತಿ ನಲವತ್ತನಾಲ್ಕು. ಈ ಪರೀಕ್ಷೆ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಹುದ್ದೆಯ ಬಾಗಿಲು ಮುಚ್ಚಿರುತ್ತಿತ್ತು. ಪುಟವನ್ನು ಅವಳು ಮೊದಲಿನಿಂದ ಕೊನೆಯವರೆಗೆ ಓದಿದ್ದಳು. ಬಹುಶಃ ಹಾಗೆ ಓದಿದವಳು ಅವಳೊಬ್ಬಳೇ. ಓದಿ, ಸರಾಸರಿಯ ಕೆಳಗೆ ಒಂದೇ ಒಂದು ತಿದ್ದುಪಡಿ ಮಾಡಿದ್ದಳು: 'ಕಾದು ಕಾದು ಸಾಕಾಗಿ ವೈದ್ಯರನ್ನು ಕಾಣದೆಯೇ ಮನೆಗೆ ಹೋದವರು ಈ ಲೆಕ್ಕದಲ್ಲಿ ಇಲ್ಲ. ಅವರೇ ಎಲ್ಲರಿಗಿಂತ ಹೆಚ್ಚು ಕಾದವರು. ಆದ್ದರಿಂದ ಇಪ್ಪತ್ತೆರಡು ತಪ್ಪು.'

ಮೇಡಂ ಆ ಸಾಲನ್ನು ಓದಿ ಕುರ್ಚಿಗೆ ಒರಗಿ ಕೂತರು. ಇಡೀ ವರ್ಷದ ಪಾಠ ಮೂರು ವಾಕ್ಯದಲ್ಲಿತ್ತು. ಯಂತ್ರದ ಲೆಕ್ಕದಲ್ಲಿ ಅದು ಒಂದು. ಬೇಕಾದದ್ದು ನಲವತ್ತು.

ಮೀಟರ್ ಸಾಹೇಬರ ಬಳಿ ಹೋಗಿ ಬೇಡಿಕೊಂಡರು. ಸಾಹೇಬರು ಸಾಲನ್ನು ಓದಲಿಲ್ಲ, ಓದಿದರೆ ಪಕ್ಷಪಾತವಾಗುತ್ತದಂತೆ. ಒಂದು ಒಂದೇ, ನಲವತ್ತು ನಲವತ್ತೇ, ಸಂಖ್ಯಾಶಾಸ್ತ್ರದವರಿಗೆ ಅದನ್ನೂ ನಾನು ಹೇಳಿಕೊಡಬೇಕೆ ಎಂದು ನಕ್ಕರು. ಸೋಮವಾರ ನಮ್ಮ ಗುಣಮಟ್ಟ ಪರಿಶೀಲಿಸಲು ಹೊರಗಿನ ಸಮಿತಿ ಬರುತ್ತದೆ, ಅಷ್ಟರೊಳಗೆ ನಿಮ್ಮ ತರಗತಿ ನೂರಕ್ಕೆ ನೂರು ಹಸಿರಾದರೆ ಎಷ್ಟು ಚಂದ ಎಂದೂ ಸೇರಿಸಿದರು.

ಮೇಡಂ ನರ್ಸಮ್ಮನನ್ನು ಕಾರಿಡಾರಿಗೆ ಕರೆದು, ನೀವೂ ಎಲ್ಲರ ಹಾಗೆ ಪ್ಯಾರಾ ಎತ್ತಿ ಇಳಿಸಿ, ಹತ್ತು ನಿಮಿಷದ ಕೆಲಸ ಎಂದರು. ಹಾಗಂದಾಗ ತಮ್ಮ ದನಿ ತಮಗೇ ಅಪರಿಚಿತವಾಗಿ ಕೇಳಿಸಿತು.

"ಔಷಧಿ ಕೊಡದೆ ಕೊಟ್ಟೆ ಅಂತ ಚಾರ್ಟಲ್ಲಿ ಬರೆದ್ರೆ ನಮ್ಮಲ್ಲಿ ಕೆಲಸದಿಂದ ತೆಗೀತಾರೆ ಮೇಡಂ," ಎಂದಳು ನರ್ಸಮ್ಮ. "ಕೈ ಬರಲ್ಲ ನಂಗೆ."

"ಹಾಗಾದ್ರೆ ಪಾಸ್‌ವರ್ಡ್ ಕೊಡಿ. ನೀವು ಮಾಡಬೇಡಿ. ನಾನು ನೋಡ್ಕೋತೀನಿ."

ನರ್ಸಮ್ಮ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಮೇಡಂ ಚೀಟಿಯನ್ನು ತರಗತಿಗೆ ಕೊಟ್ಟು, ನಲವತ್ತು ದಾಟಿಸಿ ಸಾಕು ಎಂದರು. ಅಲ್ಲಿಯವರೆಗೆ ಆ ತರಗತಿ ಯಾವುದನ್ನೂ ಮನಸಾರೆ ಕೂಡಿ ಮಾಡಿರಲಿಲ್ಲ. ನರ್ಸಮ್ಮ ಎಂದರೆ ಎಲ್ಲರಿಗೂ ಅಕ್ಕರೆ. ಜ್ವರ ಬಂದವರ ಹಣೆ ಮುಟ್ಟಿ ನೋಡುವವಳು ಅವಳೇ. ಮೂವತ್ತು ಜನ ಮೂವತ್ತು ಫೋನು ತೆಗೆದರು. ಅಕ್ಕನಿಗೆ ನನ್ನದೊಂದು, ಅಕ್ಕನಿಗೆ ನನ್ನದಿನ್ನೊಂದು ಎಂದು ಪ್ಯಾರಾಗಳನ್ನು ಎತ್ತಿದರು, ಇಳಿಸಿದರು, ಸೀಳಿದರು, ಅಂಟಿಸಿದರು. ಸಾಕು ಎನ್ನಬೇಕಾದ ಮೇಡಂ ಫೋನ್ ಬಂತೆಂದು ಹೊರಗೆ ಹೋಗಿದ್ದರು. ತಿರುಗಿ ಬರುವಷ್ಟರಲ್ಲಿ ನರ್ಸಮ್ಮನ ಲೆಕ್ಕ ಆರುನೂರ ಹನ್ನೆರಡು. ಅವಳೀಗ ವಿಶ್ವವಿದ್ಯಾಲಯಕ್ಕೇ ಮೊದಲಿಗಳು.

ಮೇಡಂಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಸೋಮವಾರ ಸಭಾಂಗಣದಲ್ಲಿ ಸಮಿತಿಯ ಮೂವರು ಮುಂದಿನ ಸಾಲಿನಲ್ಲಿ ಕೂತಿದ್ದಾಗ, ಮೀಟರ್ ಸಾಹೇಬರು ಮೈಕಿನಲ್ಲಿ 'ಸಹಯೋಗ ರತ್ನ' ಎಂದು ಕೂಗಿ ನರ್ಸಮ್ಮನನ್ನು ವೇದಿಕೆಗೆ ಕರೆದರು. ಅವಳು ಆಸ್ಪತ್ರೆಯ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು. ಆರುನೂರ ಹನ್ನೆರಡು ಸಲ ಏನೇನು ತಿದ್ದಿದಿರಿ, ಕಿರಿಯರಿಗೆ ಗುಟ್ಟು ಹೇಳಿ ಎಂದು ಸಾಹೇಬರು ಮೈಕು ಕೊಟ್ಟರು. ಅವಳು ಮೈಕನ್ನು ಥರ್ಮಾಮೀಟರಿನಂತೆ ಎರಡು ಬೆರಳಲ್ಲಿ ಹಿಡಿದುಕೊಂಡು ಮೇಡಂ ಕೂತ ಕಡೆ ನೋಡಿದಳು. ಆ ನೋಟದಲ್ಲಿ ದೂರಿರಲಿಲ್ಲ. ಅದನ್ನೇ ಮೇಡಂಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ತಿದ್ದಿದ್ದು ಒಂದೇ ಸಲ," ಎಂದಳು ನರ್ಸಮ್ಮ.

ಸಭೆ ಇದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿತು. ಮೇಡಂ ಎದ್ದು ನಿಂತರು. "ಅವರು ನಿಜಾನೇ ಹೇಳ್ತಿದಾರೆ. ಮಿಕ್ಕ ಆರುನೂರ ಹನ್ನೊಂದನ್ನ ನಾನು ಹುಡುಗರ ಕೈಲಿ ಮಾಡಿಸಿದ್ದು. ಅವರದೇನೂ ತಪ್ಪಿಲ್ಲ. ಅಷ್ಟೇ ಅಲ್ಲ, ನಮ್ಮ ಪುಟದಲ್ಲಿ ಅವರ ಆ ಒಂದನ್ನ ಬಿಟ್ಟು ಉಳಿದಿದ್ದೆಲ್ಲಾ ಬರೀ ಎತ್ತಿ ಇಳಿಸೋ ಆಟ."

ಚಪ್ಪಾಳೆ ನಿಂತಿತು. ಮೀಟರ್ ಸಾಹೇಬರ ಮುಖದಲ್ಲಿ ಕೆಂಪು ಚುಕ್ಕೆಗಳು ಒಂದೊಂದಾಗಿ ಎದ್ದವು. ಸಮಿತಿಯ ಹಿರಿಯರು ಕನ್ನಡಕ ಏರಿಸಿಕೊಂಡು ತೊಡೆಯ ಮೇಲಿದ್ದ ನಮೂನೆಯನ್ನು ತಿರುವಿ ಮುರುವಿ ನೋಡಿದರು.

"ಇದರಲ್ಲಿ ಎಷ್ಟು ಸಲ ಅಂತ ಬರೆಯೋಕೆ ಜಾಗ ಇದೆಯಮ್ಮ," ಎಂದರು ಸಮಾಧಾನವಾಗಿ. "ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಇಲ್ಲ." ಆರುನೂರ ಹನ್ನೆರಡು ಎಂದು ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.

ಮೀಟರ್ ಸಾಹೇಬರ ಬುದ್ಧಿ ಆಗ ಓಡಿದ ವೇಗವನ್ನು ಅಳೆಯುವ ಮೀಟರು ಇನ್ನೂ ಬಂದಿಲ್ಲ. ಸಮಿತಿಯ ಸಹಿ ಬಿದ್ದ ಮೇಲೆ ಆರುನೂರ ಹನ್ನೆರಡು ಸತ್ಯ; ಅದು ಸತ್ಯವಾದರೆ ನರ್ಸಮ್ಮನ ಚುಕ್ಕೆ ಹಸಿರು; ಚುಕ್ಕೆ ಹಸಿರಾದರೆ ಹಾಲ್ ಟಿಕೆಟ್ ತಡೆಯಲು ದೇವರಿಗೂ ಅಧಿಕಾರವಿಲ್ಲ. ಅವತ್ತು ಮಧ್ಯಾಹ್ನವೇ ಅದು ಅವಳ ಕೈಗೆ ಬಂತು. ಮೇಡಂ ಮೇಲೆ ಕ್ರಮವೂ ಆಗಲಿಲ್ಲ. ಕ್ರಮ ಜರುಗಿಸಬೇಕಾದರೆ ತಪ್ಪು ನಡೆದಿದೆ ಎಂದು ಒಪ್ಪಬೇಕಲ್ಲ. ಗೋಡೆಯ ಮೇಲಿನ ಫೋಟೋವನ್ನು ಮಾತ್ರ ಮೇಡಂ ತಾವೇ ಕಿತ್ತರು. ಜೊತೆಗೆ ಸ್ವಲ್ಪ ಸುಣ್ಣವೂ ಕಿತ್ತುಬಂತು.

ಸಂಜೆ ಮೇಡಂ ಪುಟ ತೆರೆದು, ನರ್ಸಮ್ಮನ ಸಾಲಿಗಾಗಿ ಮೇಲಿನಿಂದ ಕೆಳಗೆ ಮೂರು ಸಲ ಹುಡುಕಿದರು. ಸಾಲು ಇರಲಿಲ್ಲ. ಹುಡುಗರು ಎತ್ತಿ ಇಳಿಸುವ ಸಂಭ್ರಮದಲ್ಲಿ ಅದು ಎಲ್ಲೋ ಉದುರಿಹೋಗಿತ್ತು. ಅಳಿಸಿದವರ ಹೆಸರು ಮಾತ್ರ ಸ್ಪಷ್ಟವಾಗಿತ್ತು: ನರ್ಸಮ್ಮನದೇ. ಮರಳಿ ಬರೆಯಲು ಹೋದರೆ ಅಕ್ಷರ ಮೂಡಲಿಲ್ಲ. ಪುಟದ ತಲೆಯ ಮೇಲೆ ಒಂದು ಸೂಚನೆ ಬಂದಿತ್ತು: ಇದನ್ನು ಮಾದರಿ ಪುಟವಾಗಿ ಆಯ್ಕೆ ಮಾಡಲಾಗಿದೆ, ಇನ್ನು ಮುಂದೆ ಯಾರೂ ಇದನ್ನು ತಿದ್ದುವಂತಿಲ್ಲ. ಕೆಳಗೆ ಇಪ್ಪತ್ತೆರಡು ನಿಮಿಷ ದಪ್ಪಕ್ಷರದಲ್ಲಿ ಕೂತಿತ್ತು.

ಮೇಡಂ ನರ್ಸಮ್ಮನಿಗೆ ಫೋನ್ ಮಾಡಿ, ತಡವರಿಸುತ್ತ, ಆದದ್ದನ್ನೆಲ್ಲ ಹೇಳಿದರು. ಬೆಳಗ್ಗೆ ಸಭೆಗೆ ಬಂದದ್ದಕ್ಕೆ ಅವಳಿಗೆ ಅವತ್ತು ಸಂಜೆಯ ಪಾಳಿ; ಆ ಕಡೆ ಯಾರೋ ಕೆಮ್ಮುವುದು, ಗಾಲಿಮಂಚ ಉರುಳುವುದು ಕೇಳಿಸುತ್ತಿತ್ತು.

"ಹೋಗ್ಲಿ ಬಿಡಿ ಮೇಡಂ," ಎಂದಳು ನರ್ಸಮ್ಮ. "ಪರೀಕ್ಷೆಲಿ ಬರೀತೀನಿ. ಅದನ್ನ ಒಬ್ರಾದ್ರೂ ಓದ್ಲೇಬೇಕಲ್ಲ."