ಮುರಿಗೆವ್ವ ಮೊಮ್ಮಗನನ್ನು ನೆಲಕ್ಕೆ ಬಿಟ್ಟಳು

ಹಳೇ ಹುಬ್ಬಳ್ಳಿಯ ಒಂದು ಸಣ್ಣ ಓಣಿಯಲ್ಲಿ ಮುರಿಗೆವ್ವನ ಜೋಳದ ರೊಟ್ಟಿಗೆ ದೊಡ್ಡ ಹೆಸರು. ಮುಂಜಾನೆ ಒಲೆ ಹೊತ್ತಿತೆಂದರೆ ಅತ್ತೆ ರೊಟ್ಟಿ ಬಡಿಯುತ್ತಾಳೆ, ಸೊಸೆ ಉಮಾಶ್ರೀ ಬೇಯಿಸುತ್ತಾಳೆ. ಖಾನಾವಳಿಯವರು, ಲಗ್ನದ ಮನೆಯವರು ಬಾಗಿಲಿಗೇ ಬಂದು ಒಯ್ಯುತ್ತಾರೆ.

ಆ ಮನೆಯಲ್ಲಿ ನೆಲವೆಲ್ಲ ಕೆಲಸದ ಜಾಗ. ಇಲ್ಲಿ ಹಿಟ್ಟು, ಅಲ್ಲಿ ಬಿಸಿ ಹಂಚು, ಮಗ್ಗುಲಲ್ಲಿ ಕುದಿಯುವ ನೀರು. ಹೀಗಾಗಿ ಮೊಮ್ಮಗ ಚನ್ನು ನೆಲ ಕಂಡವನೇ ಅಲ್ಲ. ತೊಟ್ಟಿಲಿನಿಂದ ತೊಡೆಗೆ, ತೊಡೆಯಿಂದ ಬಗಲಿಗೆ. ಮಗನಿಗೆ ಲಗ್ನವಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಕೂಸು. ಯಾರಾದರೂ "ಸ್ವಲ್ಪ ಕೆಳಗ ಬಿಡ್ರಿ" ಅಂದರೆ ಸಾಕು, ಮುರಿಗೆವ್ವ ಸಿಟ್ಟಾಗುತ್ತಿದ್ದಳು.

"ನನ್ನ ತೊಡಿ ಇರೋತನಕ ಅವಂಗ ನೆಲ ಯಾಕ ಬೇಕ್ರಿ?"

ಆದರೆ ಎದುರು ಮನೆಯ ಮಾಬೂಬಿಯ ಮೊಮ್ಮಗಳು ಚನ್ನುವಿನ ವಾರಿಗೆಯವಳು. ಅವಳು ಒಂದು ದಿನ ಅಂಬೆಗಾಲಿಟ್ಟು ಹೊಸ್ತಿಲತನಕ ಬಂದು ನಕ್ಕಳು. ಚನ್ನುಗೆ ಒಂಬತ್ತು ತಿಂಗಳು ತುಂಬಿದ್ದವು. ಕೂಡಿಸಿದರೆ ಕೂತಿರುತ್ತಿದ್ದ, ಅಷ್ಟೇ. ಅಂದು ಮುರಿಗೆವ್ವ ಚನ್ನುವಿನ ಕಾಲು ಮುಟ್ಟಿ ಮುಟ್ಟಿ ನೋಡಿದಳು.

"ನಮ್ಮ ಕೂಸಿನ ಕಾಲಾಗ ಶಕ್ತಿ ಇಲ್ಲೇನ ಉಮಾ?" ಅಂದಳು. ಉಮಾಶ್ರೀಗೂ ಅದೇ ಚಿಂತೆ. ಬಾಯಿಬಿಟ್ಟು ಹೇಳಿರಲಿಲ್ಲ.

ಮಗ ರಾಜಶೇಖರ ಇದನ್ನು ಕೇಳಿ ಮರುದಿನವೇ ಗಾಲಿಯ ವಾಕರ್ ತಂದ. "ಇದರಾಗ ನಿಂದರಿಸಿದ್ರ ಲಗೂ ನಡೀತಾನ, ನೋಡಾಕತ್ತಿರು" ಅಂದ. ಚನ್ನುಗೂ ಖುಷಿ. ಕಾಲಿನಿಂದ ಒಂದು ಒತ್ತು ಕೊಟ್ಟರೆ ವಾಕರ್ ಭರ್ರನೆ ಓಡುತ್ತಿತ್ತು.

ಒಂದು ಮುಂಜಾನೆ ಅದು ಒಲೆಯ ಕಡೆಗೇ ಓಡಿತು. ಉಮಾಶ್ರೀ ಕೈಯಲ್ಲಿದ್ದ ರೊಟ್ಟಿ ಒಗೆದು ಮಗುವನ್ನು ಬಾಚಿ ಎತ್ತಿಕೊಂಡಳು. ವಾಕರ್ ಬಡಿದು ಬಿಸಿನೀರಿನ ಪಾತೇಲಿ ಉರುಳಿತು. ನೀರು ಹರಿದ ಜಾಗದಲ್ಲಿ ಹಬೆ ಎದ್ದಿತು. ಮಗುವಿಗೆ ಒಂದು ಹನಿಯೂ ತಾಗಲಿಲ್ಲ. ಮುರಿಗೆವ್ವ ಅವನನ್ನು ಸೊಸೆಯ ಕೈಯಿಂದ ಇಸಿದುಕೊಂಡು ಎದೆಗೆ ಅವಚಿಕೊಂಡಳು.

ಅದೇ ಹೊತ್ತಿಗೆ ರೊಟ್ಟಿ ಒಯ್ಯಲು ಸ್ನೇಹಲ್ ಬಂದಳು. ಉಮಾಶ್ರೀಯ ಸಾಲಿ ಕಲಿತಾಗಿನ ಗೆಳತಿ, ಈಗ ಮಕ್ಕಳ ದವಾಖಾನೆಯಲ್ಲಿ ನರ್ಸು.

"ನೋಡ ಯವ್ವಾ," ಮುರಿಗೆವ್ವ ಕಣ್ಣೊರೆಸಿಕೊಂಡಳು, "ತೊಡಿಯಿಂದ ಇಳಿಸಿದ್ದಕ್ಕ ಹಿಂಗಾತು. ಇನ್ನ ಇಳಿಸೂದಿಲ್ಲ."

"ದೊಡ್ಡವ್ವಾ, ತಪ್ಪು ನೆಲದ್ದಲ್ರಿ, ಗಾಲಿದು. ವಾಕರಿನಾಗ ಕೂಸು ತನ್ನ ಜೋರಿಲೆ ನಡಿಯೂದಿಲ್ಲ. ಗಾಲಿ ಎಳಕೊಂಡು ಹೋಗತಾವ. ದವಾಖಾನಿಗೆ ಇಂಥಾ ಕೂಸುಗೋಳು ಸುಟಗೊಂಡು ಬಂದದ್ದು ನಾನು ಕಣ್ಣಾರೆ ಕಂಡೇನಿ."

ಸ್ನೇಹಲ್ ಚನ್ನುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ನೋಡಿದಳು. ಅವನು ಎರಡೂ ಕೈಯಿಂದ ಅವಳ ಬಳೆ ಹಿಡಿದು ಎಳೆಯುತ್ತಿದ್ದ. ಎರಡೂ ಕಾಲು ಝಾಡಿಸುತ್ತಿದ್ದ.

"ಕೂಸು ಛಲೋ ಐತ್ರಿ. ಆದ್ರ ಅವನ ತೋಳಿಗೆ, ಬೆನ್ನಿಗೆ ದುಡಿಯಾಕ ಕೆಲಸಾನ ಕೊಟ್ಟಿಲ್ಲ ನೀವು. ಒಂದು ಕೌದಿ ತರ್ರಿ."

ಒಲೆಯಿಂದ ದೂರ, ಪಡಸಾಲೆಯಲ್ಲಿ ಹಳೇ ಬಟ್ಟೆ ಹೊಲಿದ ದಪ್ಪ ಕೌದಿ ಹಾಸಿದರು. ಸ್ನೇಹಲ್ ಮಗುವನ್ನು ಹೊಟ್ಟೆಯ ಮೇಲೆ ಡಬ್ಬ ಮಲಗಿಸಿದಳು. ಚನ್ನು ಮುಖ ಕೆಂಪಗೆ ಮಾಡಿಕೊಂಡು ಅತ್ತ. ಮುರಿಗೆವ್ವನ ಕೈ ತಾನಾಗಿ ಮುಂದೆ ಹೋಯಿತು.

"ಎತ್ತಬ್ಯಾಡ್ರಿ. ನೀವೂ ಅವನ ಮುಂದ ಡಬ್ಬ ಮಲಗ್ರಿ."

"ನಾನ? ಈ ವಯಸ್ಸಿನಾಗ?"

"ನಿಮ್ಮ ಮುಖಾನ ಅವಂಗ ಎಲ್ಲಾದಕ್ಕಿಂತ ದೊಡ್ಡ ಆಟಗಿ ಸಾಮಾನ್ರಿ."

ಮುರಿಗೆವ್ವ ಸೆರಗು ಸಿಕ್ಕಿಸಿಕೊಂಡು, ಮೊಣಕಾಲೂರಿ, "ಅಯ್ಯ ಶಿವನೇ" ಅನ್ನುತ್ತಾ ಮಲಗಿದಳು. ಅಜ್ಜಿಯ ಮುಖ ತನ್ನ ಮುಖದ ಸಮಕ್ಕೆ ಬಂದದ್ದು ನೋಡಿ ಚನ್ನು ಅಳು ನಿಲ್ಲಿಸಿದ. ಕುತ್ತಿಗೆ ಎತ್ತಿದ. ಎರಡೂ ಅಂಗೈ ಊರಿ ಎದೆ ಎತ್ತಿದ.

"ನೋಡ್ರಿ, ತೋಳಾಗ ಎಷ್ಟು ಶಕ್ತಿ ಐತಿ!" ಅಂದಳು ಸ್ನೇಹಲ್. ಹಾಲು ಕುಡಿದ ಕೂಡಲೇ ಬೇಡ, ಎಚ್ಚರವಿದ್ದಾಗ ದಿನಾ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ಹೊತ್ತು ಹೀಗೆ ಬಿಡಿ, ಬೇಸತ್ತು ಅತ್ತರೆ ಎತ್ತಿಕೊಳ್ಳಿ, ಯಾರಾದರೊಬ್ಬರು ಪಕ್ಕದಲ್ಲೇ ಇರಿ ಎಂದು ಹೇಳಿದಳು.

ರಾಜಶೇಖರ ವಾಕರ್ ತೆಗೆದುಹಾಕಿ, ಅಡುಗೆಮನೆಯ ಬಾಗಿಲಿಗೆ ಅಡ್ಡ ಹಲಗೆ ಬಡಿದ. ಉಮಾಶ್ರೀ ನೆಲ ಒರೆಸಿ, ಗುಂಡಿ, ಶೇಂಗಾಕಾಳು, ಪಿನ್ನು ಎಲ್ಲ ಆರಿಸಿದಳು. ಚನ್ನುವಿನ ಕೈಯಿಂದ ಸ್ವಲ್ಪ ದೂರದಲ್ಲಿ ಸ್ಟೀಲಿನ ವಾಟಗಾ ಬಟ್ಟಲು ಇಟ್ಟು ಕುಟ್ಟುತ್ತಿದ್ದಳು.

ಮೊದಮೊದಲು ಅವನು ಹಿಂದಕ್ಕೇ ಸರಿದ. ಮುರಿಗೆವ್ವ ಗಾಬರಿಯಾಗಿ ಸ್ನೇಹಲ್‌ಗೆ ಫೋನು ಹಚ್ಚಿಸಿದಳು. "ಭಾಳ ಮಕ್ಕಳು ಮೊದಲು ಹಿಂದಕ್ಕ ಹೋಗತಾರ್ರಿ. ನಗ್ರಿ, ಬೈಬ್ಯಾಡ್ರಿ" ಅಂತ ಅತ್ತಲಿಂದ ನಗು ಕೇಳಿತು.

ಕೆಲವು ವಾರ ಕಳೆದವು. ಒಂದು ಸಂಜೆ ಮುರಿಗೆವ್ವ ಗೋಡೆಗೆ ಒರಗಿ ಕೂತಿದ್ದಳು. ಚನ್ನು ಮೊಣಕಾಲೂರಿ ಹಿಂದೆ ಮುಂದೆ ತೂಗಾಡಿದ. ಒಂದು ಕೈ ಇಟ್ಟ, ಒಂದು ಮೊಣಕಾಲು ಎಳೆದ. ಮುಗ್ಗರಿಸಿದ, ಎದ್ದ. ಮುರಿಗೆವ್ವ ಕರೆಯಲೂ ಇಲ್ಲ, ಕೈ ಚಾಚಲೂ ಇಲ್ಲ. ಕೂತೇ ಇದ್ದಳು. ಅವನು ತಾನಾಗಿಯೇ ಬಂದು ಅವಳ ಸೀರೆ ಹಿಡಿದ.

ಈಗ ರೊಟ್ಟಿಗೆ ಯಾರಾದರೂ ಕೂಸು ಬಗಲಲ್ಲಿಟ್ಟುಕೊಂಡು ಬಂದರೆ ಮುರಿಗೆವ್ವ ಮೊದಲು ಕೌದಿ ಹಾಸುತ್ತಾಳೆ. "ಇಳಸ ಯವ್ವಾ, ಹೆದರಬ್ಯಾಡ. ನಾವಿಲ್ಲೇ ಕುಂತೇವಲ್ಲ" ಅನ್ನುತ್ತಾಳೆ.

ತಾಯಂದಿರೇ, ಅಜ್ಜಿಯಂದಿರೇ, ಅಪ್ಪಂದಿರೇ, ನಿಮ್ಮ ಮನೆಯ ಕೂಸಿಗೂ ನೆಲದ ಮೇಲೆ ಒಂದು ಜಾಗ ಮಾಡಿಕೊಡಿ. ಒಲೆ, ಬಿಸಿನೀರು, ಮೆಟ್ಟಿಲು, ನೀರು ತುಂಬಿದ ಬಕೀಟು ಅದಕ್ಕೆ ಎಟುಕದಂತೆ ನೋಡಿಕೊಳ್ಳಿ. ಗಾಲಿಯ ವಾಕರ್ ತರಬೇಡಿ. ಡಬ್ಬ ಮಲಗಿಸುವುದು ಎಚ್ಚರವಿದ್ದಾಗ ಮಾತ್ರ, ನಿದ್ದೆಗೆ ಬೆನ್ನ ಮೇಲೆಯೇ ಮಲಗಿಸಿ. ಓಣಿಯ ಮಕ್ಕಳಿಗೆ ಹೋಲಿಸಬೇಡಿ. ಕೆಲವರು ಬೇಗ, ಕೆಲವರು ತಡ, ಕೆಲವರು ಅಂಬೆಗಾಲಿಡದೆ ಕುಂಡೆಯ ಮೇಲೇ ಸರಿದು, ಆಮೇಲೆ ನೇರ ನಡೆದುಬಿಡುತ್ತಾರೆ. ಆದರೆ ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೇ ಕಡೆಯ ಕೈಕಾಲು ಆಡಿಸಿದರೆ, ಮೈ ತೀರ ಬಿಗಿ ಅಥವಾ ತೀರ ಸಡಿಲ ಅನಿಸಿದರೆ ತಡಮಾಡದೆ ಮಕ್ಕಳ ಡಾಕ್ಟರರಿಗೆ ತೋರಿಸಿ.

ಇವತ್ತೇ ಒಂದು ಕೌದಿ ಹಾಸಿ. ನೀವೂ ಕೆಳಗೆ ಕೂಡ್ರಿ.