ಹದಿಮೂರು ಕಾಲೇಜುಗಳ ಒಕ್ಕೂಟ

ಜನವರಿಯ ಎರಡನೆಯ ವಾರ ಪ್ರಾಚಾರ್ಯ ಪ್ರಸಾದ ಅವರು ಕಾಂತಾರನ್ನು ತಮ್ಮ ಕೋಣೆಗೆ ಕರೆಸಿದರು. ಕಾಲೇಜು ಇನ್ನು ಮಲಪ್ರಭಾ ಕ್ರೀಡಾ ಒಕ್ಕೂಟದಲ್ಲಿ ಮುಂದುವರಿಯುವುದಿಲ್ಲ, ಹಾಗೆಂದು ನೀವು ಒಂದು ಪತ್ರ ಸಿದ್ಧಮಾಡಿ, ನಾನು ಸಹಿ ಹಾಕಿ ಕೊಡುತ್ತೇನೆ ಎಂದರು. ಬೆಳಗಾವಿಯ ಆ ಕಾಲೇಜಿನಲ್ಲಿ ಕಾಂತಾ ಮೂವತ್ಮೂರು ವರ್ಷಗಳಿಂದ ದೈಹಿಕ ಶಿಕ್ಷಣ ನಿರ್ದೇಶಕಿ. ಒಕ್ಕೂಟದ ಕಾರ್ಯದರ್ಶಿಯೂ ಅವರೇ. ಹಾಗಾಗಿ ಪತ್ರವನ್ನು ಬರೆಯಬೇಕಾದವರೂ ಅವರು, ಒಕ್ಕೂಟದ ಪರವಾಗಿ ತೆಗೆದುಕೊಳ್ಳಬೇಕಾದವರೂ ಅವರು.

ಪ್ರಾಚಾರ್ಯರು ಕೆಟ್ಟವರಲ್ಲ. ಆಡಳಿತ ಮಂಡಳಿ ರಾಜ್ಯಮಟ್ಟದ ಖಾಸಗಿ ಕಾಲೇಜುಗಳ ಲೀಗಿಗೆ ಸೇರಿತ್ತು, ಅದರ ಪಂದ್ಯಗಳು ಹುಬ್ಬಳ್ಳಿಯಲ್ಲಿ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ನಡೆಯುತ್ತವೆ, ಮಕ್ಕಳಿಗೆ ಅದೇ ಒಳ್ಳೆಯದು ಎಂದು ಸಮಾಧಾನದಿಂದಲೇ ವಿವರಿಸಿದರು. ಕೊನೆಗೆ, "ಎರಡು ಕಾಲೇಜಿನ ಒಕ್ಕೂಟ ಅಂದ್ರ ಅದು ಒಕ್ಕೂಟ ಅಲ್ರಿ ಮೇಡಮ್, ಒಂದು ಮ್ಯಾಚ್ ಅಷ್ಟ," ಎಂದರು. ಕಾಂತಾ ಪತ್ರ ಬರೆಯಲು ತಮ್ಮ ಕೋಣೆಗೆ ಹೋದರು.

ಎರಡು ಕಾಲೇಜು ಉಳಿದದ್ದು ಒಂದೇ ದಿನದಲ್ಲಿ ಆದದ್ದಲ್ಲ. ಒಕ್ಕೂಟ ಹುಟ್ಟಿದ್ದು ೧೯೮೧ರಲ್ಲಿ. ಆಗ ಇಲ್ಲಿನ ಕಾಲೇಜುಗಳೆಲ್ಲ ಧಾರವಾಡದ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಕ್ರೀಡಾಕೂಟಕ್ಕೂ ಅಲ್ಲಿಗೇ ಹೋಗಬೇಕಿತ್ತು. ಅಷ್ಟು ದೂರ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬರುವ ಮಕ್ಕಳ ಮುಖ ನೋಡಲಾರದೆ ಬಸಲಿಂಗಪ್ಪ ಎಂಬ ಹಿರಿಯ ನಿರ್ದೇಶಕರು ಸುತ್ತಲಿನ ನಾಲ್ಕು ಕಾಲೇಜುಗಳನ್ನು ಒಟ್ಟುಮಾಡಿದರು. ಖಾನಾಪುರ ಸ್ಟೇಷನ್ನಿನ ಎದುರು ಒಂದು ಚಹಾದಂಗಡಿಯಲ್ಲಿ ಮೊದಲ ಸಭೆ ನಡೆಯಿತಂತೆ. ಮರುವರ್ಷ ಬೈಲಹೊಂಗಲದವರು ಬಂದರು, ನಂತರ ಕಿತ್ತೂರಿನವರು. ೧೯೯೧ರಲ್ಲಿ, ಕಾಂತಾ ಕೆಲಸಕ್ಕೆ ಸೇರಿದ ವರ್ಷ, ಗಡಿಯಾಚೆ ಚಂದಗಡದ ಒಂದು ಕಾಲೇಜೂ ಸೇರಿತು. ಅಂದಿನಿಂದ ಮೈದಾನದಲ್ಲಿ ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಹೆಸರು ಕೂಗುತ್ತಿದ್ದರು. ೧೯೯೯ರಲ್ಲಿ ಸದಸ್ಯರು ಹದಿಮೂರು. ಆ ಸಲದ ಪಥಸಂಚಲನ ಮುಗಿಯಲು ಅರ್ಧ ಗಂಟೆ ಹಿಡಿದಿತ್ತು.

ಆಮೇಲೆ ಒಬ್ಬೊಬ್ಬರೇ ಹೊರಟರು. ಚಂದಗಡದವರಿಗೆ ಅವರ ವಿಶ್ವವಿದ್ಯಾಲಯದ ದಿನಾಂಕಗಳು ಹೊಂದಿಬರಲಿಲ್ಲ. ಮರಾಠಿಯಲ್ಲಿ ಎರಡು ಪುಟದ ಪತ್ರ ಬರೆದು ಕ್ಷಮೆ ಕೇಳಿದ್ದರು. ಒಂದು ಎಂಜಿನಿಯರಿಂಗ್ ಕಾಲೇಜು ನಾಲ್ಕು ವರ್ಷ ಇದ್ದು ಹೋಯಿತು. ಬೆಳಗಾವಿಗೇ ಹೊಸ ವಿಶ್ವವಿದ್ಯಾಲಯ ಬಂದಾಗ ಕಾಂತಾ ಎಲ್ಲರಂತೆ ಸಂತೋಷಪಟ್ಟಿದ್ದರು. ದೊಡ್ಡ ಕ್ರೀಡಾಕೂಟ ಊರಿಗೇ ಬಂದ ಮೇಲೆ ಸಣ್ಣದು ಯಾಕೆ ಎಂದು ಎರಡು ವರ್ಷದಲ್ಲಿ ಐದು ಕಾಲೇಜು ಬಿಟ್ಟವು. ಕೊರೊನಾದ ಎರಡು ವರ್ಷ ಕೂಟವೇ ನಡೆಯಲಿಲ್ಲ. ಮತ್ತೆ ಶುರುವಾದಾಗ ಮೂರೇ ಉಳಿದಿದ್ದವು. ನಂದಗಡದ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಇಲ್ಲವಾಗಿ ಅದನ್ನು ಇನ್ನೊಂದಕ್ಕೆ ಸೇರಿಸಿದರು. ಉಳಿದದ್ದು ಬೆಳಗಾವಿಯಲ್ಲಿ ಕಾಂತಾರದು, ಖಾನಾಪುರದಲ್ಲಿ ನಿರ್ದೇಶಕ ಗುರುಸಿದ್ದ ಅವರದು.

ಪತ್ರವನ್ನು ಅಂಚೆಗೆ ಹಾಕಬಹುದಿತ್ತು, ಫೋನಿನಲ್ಲೂ ಹೇಳಬಹುದಿತ್ತು. ಕಾಂತಾ ಮರುದಿನ ರಜೆ ಹಾಕಿ, ಹಿಂದವಾಡಿಯ ತಮ್ಮ ಬಾಡಿಗೆ ಮನೆಗೆ ಬೀಗ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತಿದರು. ಅವರು ಮದುವೆಯಾಗಿರಲಿಲ್ಲ. ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೊರಡಬೇಕಾದವರು ಮನೆಯಲ್ಲಿ ಯಾರೂ ಇರಲಿಲ್ಲ.

ಗುರುಸಿದ್ದ ಅವರ ಕೋಣೆ ಕಾಲೇಜಿನ ಮೆಟ್ಟಿಲ ಕೆಳಗಿತ್ತು. ಕುರಿ ಸಾಕುವ ಮನೆತನದಿಂದ ಬಂದು ಆ ಊರಿನಲ್ಲೇ ಓದಿ, ಅಲ್ಲೇ ನಿರ್ದೇಶಕರಾದವರು. ಎಸೆತದ ಭರ್ಜಿಗಳನ್ನು ಬದಿಗೆ ಸರಿಸಿ ಕುರ್ಚಿ ಕೊಟ್ಟರು. ಕಾಂತಾ ಪತ್ರವನ್ನು ಮುಂದಿಟ್ಟರು. ಗುರುಸಿದ್ದ ಅದನ್ನು ಓದಲು ತುಂಬ ಹೊತ್ತು ತೆಗೆದುಕೊಂಡರು, ಮೂರೇ ಸಾಲಿದ್ದರೂ.

"ನಮ್ಮ ಪ್ರಿನ್ಸಿಪಾಲರು ಎರಡು ವರ್ಷದಿಂದ ಬಿಡು ಬಿಡು ಅನ್ನಾಕತ್ತಿದ್ರು," ಎಂದರು. "ನಾನ ಬ್ಯಾಡಂದೆ. ಬಿಟ್ರ ನೀವೊಬ್ಬರ ಆಗ್ತೀರಂತ."

ಕಾಂತಾ ತಲೆ ತಗ್ಗಿಸಿದರು. ಹಿಂದಿನ ಪ್ರಾಚಾರ್ಯರ ಮುಂದೆ ಅವರೂ ಇದೇ ಮಾತಾಡಿ ಮೂರು ವರ್ಷ ತಳ್ಳಿದ್ದರು. ಅದನ್ನು ಈಗ ಹೇಳುವುದು ಸುಲಭವಿತ್ತು. ಆದರೆ ಕೊನೆಗೆ ಬಿಟ್ಟುಹೋಗುತ್ತಿರುವವಳು ತಾನೇ ಎಂಬುದು ನೆನಪಾಗಿ ಹೇಳಲಿಲ್ಲ.

ನಿಯಮದ ಪ್ರಕಾರ ಕಾಲೇಜಿನ ರಾಜೀನಾಮೆ ಜಾರಿಗೆ ಬರುವುದು ಮಾರ್ಚ್ ಮೂವತ್ತೊಂದಕ್ಕೆ. ಫೆಬ್ರುವರಿಯ ಕೂಟ ಮೊದಲೇ ಗೊತ್ತಾಗಿತ್ತು, ಈ ಸಲ ಖಾನಾಪುರದ ಸರದಿ. ಅದನ್ನು ಮಾಡಿಯೇ ಮುಗಿಸೋಣ ಎಂದು ಗುರುಸಿದ್ದ ಅಂದರು. ಕಾಂತಾ ಒಪ್ಪಿದರು.

ಊರಿಗೆ ಬಂದು ತಮ್ಮ ವಿದ್ಯಾರ್ಥಿಗಳಿಗೆ ಹೇಳಿದರು. ಎಂಟು ಜನ ಹೆಸರು ಕೊಟ್ಟರು. ಆದರೆ ಕೂಟದ ದಿನವೇ ಆಂತರಿಕ ಪರೀಕ್ಷೆ ಬಿತ್ತು. ಪರೀಕ್ಷೆ ಮುಂದೂಡಲು ಪ್ರಸಾದ ಅವರು ಪ್ರಯತ್ನಪಟ್ಟರೂ ಆಗಲಿಲ್ಲ. ಎಂಟು ಜನವೂ ಬಂದು ಕ್ಷಮೆ ಕೇಳಿ ಹೋದರು. ಆ ಶನಿವಾರ ಬೆಳಿಗ್ಗೆ ಕಾಂತಾ ಎರಡು ಸ್ಟಾಪ್‌ವಾಚು, ಒಂದು ಸೀಟಿ ಮತ್ತು ದಾಖಲೆ ಪುಸ್ತಕ ಚೀಲದಲ್ಲಿಟ್ಟುಕೊಂಡು ಒಬ್ಬರೇ ಖಾನಾಪುರದಲ್ಲಿ ಬಂದಿಳಿದರು.

ಮೈದಾನಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು. ಖಾನಾಪುರದ ಹದಿನಾಲ್ಕು ಮಕ್ಕಳು ಸಾಲಾಗಿ ನಿಂತಿದ್ದರು. ಗುರುಸಿದ್ದ ಅವರ ಹೆಂಡತಿ ಸಿದ್ದಕ್ಕ ರೊಟ್ಟಿ ಝುಣಕದ ಬುಟ್ಟಿಯೊಂದಿಗೆ ಬೇವಿನ ನೆರಳಲ್ಲಿ ಕೂತಿದ್ದರು. ಮುಖ್ಯ ಅತಿಥಿ ಇರಲಿಲ್ಲ. ಪಥಸಂಚಲನಕ್ಕೆ ಪ್ರತಿ ಕಾಲೇಜಿನ ಮುಂದೆ ಅದರ ಹೆಸರಿನ ಹಲಗೆ ಹಿಡಿದು ನಡೆಯುವುದು ಮೊದಲಿನಿಂದ ಬಂದ ಪದ್ಧತಿ. ಗುರುಸಿದ್ದ ಎರಡು ಹಲಗೆ ತಂದು, ಬೆಳಗಾವಿಯದನ್ನು ಗೋಡೆಗೆ ಒರಗಿಸಿ, ಬೇಕಾದರೆ ತಮ್ಮ ಹುಡುಗರಲ್ಲೊಬ್ಬ ಹಿಡಿಯುತ್ತಾನೆ ಎಂದರು. ಕಾಂತಾ ಬೇಡವೆಂದರು. ಹಲಗೆಯನ್ನು ತಾವೇ ಎತ್ತಿಕೊಂಡು ಸಾಲಿನ ಹಿಂದೆ ಹೋಗಿ ನಿಂತರು.

ಡೋಲು ಶುರುವಾಯಿತು. ಹದಿನಾಲ್ಕು ಮಕ್ಕಳು ಕೈ ಬೀಸಿ ನಡೆದರು. ಅವರ ಹಿಂದೆ ಹತ್ತು ಹೆಜ್ಜೆ ಬಿಟ್ಟು, ಸೀರೆಯ ಮೇಲೆ ಕ್ಯಾನ್ವಾಸ್ ಬೂಟು ಹಾಕಿದ ಕಾಂತಾ ಹಲಗೆ ಹಿಡಿದು ನಡೆದರು. ಮಕ್ಕಳಲ್ಲಿ ಯಾರೂ ನಗಲಿಲ್ಲ. ಸಿದ್ದಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುವಿನಲ್ಲಿ ಕಾಂತಾರ ಕತ್ತು ತಾನಾಗಿ ಹಿಂದಕ್ಕೆ ಹೊರಳಿತು, ಇಷ್ಟು ವರ್ಷ ಸಾಲುಗಳನ್ನು ಎಣಿಸಿದ ಅಭ್ಯಾಸ.

ಹನ್ನೊಂದು ಗಂಟೆಗೆ ಹುಡುಗಿಯರ ೧೫೦೦ ಮೀಟರ್. ಮೂವರು ಹೊರಟರು, ಎರಡನೆಯ ಸುತ್ತಿಗೆ ಇಬ್ಬರು ನಿಂತುಬಿಟ್ಟರು. ಉಳಿದವಳು ಸಮೃದ್ಧಿ. ಗುಂಜಿಯಿಂದ ದಿನಾ ರೈಲಿಗೆ ಬರುವ, ಎರಡನೆಯ ವರ್ಷದ ಬಿ.ಎ. ಹುಡುಗಿ. ಖಾಲಿ ಮೈದಾನದಲ್ಲಿ ಒಬ್ಬಳೇ ಓಡಿ ಐದು ನಿಮಿಷ ಹನ್ನೆರಡು ಸೆಕೆಂಡಿಗೆ ಮುಗಿಸಿದಳು. ಒಕ್ಕೂಟದ ದಾಖಲೆ ಐದು ನಿಮಿಷ ನಾಲ್ಕು ಸೆಕೆಂಡು, ೧೯೯೭ರಲ್ಲಿ ಬೈಲಹೊಂಗಲದ ಪದ್ಮಶ್ರೀ ಎಂಬ ಹುಡುಗಿಯದು. ಸಮೃದ್ಧಿ ಉಸಿರು ಹಿಡಿಯುತ್ತ ಬಂದು ಪುಸ್ತಕದಲ್ಲಿ ಇಣುಕಿದಳು.

"ಎಂಟ ಸೆಕೆಂಡ್ರಿ ಮೇಡಮ್. ಮುಂದಿನ ವರ್ಷ ಮುರೀತೀನಿ. ಮುಂದಿನ ವರ್ಷ ಬೆಳಗಾವ್ಯಾಗ ಅಲ್ರಿ?"

ಗುರುಸಿದ್ದ ಮಕ್ಕಳಿಗೆ ಹೇಳಿರಲಿಲ್ಲ. ಕಾಂತಾ ಪೆನ್ನಿನ ಮುಚ್ಚಳ ಹಾಕಿದರು. "ಮುಂದಿನ ವರ್ಷ ಈ ಕೂಟ ಇಲ್ಲ ತಂಗಿ," ಎಂದರು. ಯಾಕೆಂದು ಹುಡುಗಿ ಕೇಳಿದಳು. ಕಾಂತಾ ಹೇಳಿದರು. ಸಮೃದ್ಧಿ ಸುಣ್ಣದ ಗೆರೆಯ ಕಡೆ ನೋಡಿದಳು.

"ಹಂಗಾರ ಇವತ್ತ ಇನ್ನೊಮ್ಮೆ ಓಡ್ಲೇನ್ರಿ?"

ಒಂದೇ ದಿನ ಒಂದೇ ಓಟಕ್ಕೆ ಎರಡು ಅವಕಾಶ ಕೊಡುವ ನಿಯಮ ಯಾವ ಕೂಟದಲ್ಲೂ ಇಲ್ಲ. ಕಾಂತಾ ಗುರುಸಿದ್ದರ ಮುಖ ನೋಡಿದರು. ಕಾರ್ಯದರ್ಶಿಗಳು ಹೇಳಿದಂತೆ ಆಗಲಿ ಎಂದು ಅವರು ಅಂದರು. ಹುಡುಗಿ ಊಟ ಕಡಿಮೆ ಮಾಡಲಿ, ಬಿಸಿಲು ಇಳಿಯಲಿ ಎಂದು ಕಾಂತಾ ತೀರ್ಮಾನ ಕೊಟ್ಟರು.

ನಾಲ್ಕು ಗಂಟೆಗೆ ಸಮೃದ್ಧಿ ಮತ್ತೆ ಗೆರೆಯ ಮೇಲೆ ನಿಂತಳು. ಉಳಿದ ಹದಿಮೂರು ಮಕ್ಕಳು ಮನೆಗೆ ಹೋಗದೆ ಮೈದಾನದ ಸುತ್ತ ಅಲ್ಲಲ್ಲಿ ನಿಂತು, ಅವಳು ಹಾದುಹೋಗುವಾಗ ಐವತ್ತು ಹೆಜ್ಜೆ ಜೊತೆಗೆ ಓಡಿ ಮುಂದಿನವರಿಗೆ ಬಿಟ್ಟುಕೊಟ್ಟರು. ಕಾಂತಾ ಪ್ರತಿ ಸುತ್ತಿಗೂ ಸಮಯ ಕೂಗಿದರು. ಅವರ ಧ್ವನಿ ಒಡೆಯಿತು. ಕೊನೆಯ ಸುತ್ತಿನಲ್ಲಿ ಹುಡುಗಿಯ ಕಾಲುಗಳು ಭಾರವಾದವು. ಐದು ನಿಮಿಷ ಒಂಬತ್ತು ಸೆಕೆಂಡು.

ಸಮೃದ್ಧಿ ಹುಲ್ಲಿನ ಮೇಲೆ ಅಂಗಾತ ಬಿದ್ದು ಅತ್ತಳು. ಕಾಂತಾ ಬಾಜು ಕೂತು ಅವಳ ಮೀನಖಂಡ ತಿಕ್ಕಿದರು. ದಾಖಲೆ ಮುರಿಯದಿದ್ದಕ್ಕೆ ಸಮಾಧಾನ ಹೇಳಲು ಹೋಗಲಿಲ್ಲ. ದಾಖಲೆ ಪುಸ್ತಕದಲ್ಲಿ ಎರಡೂ ಸಮಯ ಬರೆದು, ಎರಡನೆಯದರ ಮುಂದೆ 'ವಿಶೇಷ ಅನುಮತಿ' ಎಂದು ಸೇರಿಸಿ ಸಹಿ ಹಾಕಿದರು. ಗುರುಸಿದ್ದ ಕೆಳಗೆ ತಮ್ಮ ಸಹಿ ಹಾಕಿದರು.

ಮಾರ್ಚ್ ಕೊನೆಗೆ ಒಕ್ಕೂಟ ಮುಗಿಯಿತು. ನೋಂದಣಿ ರದ್ದಾಗಲು ಕಾಂತಾ ಎರಡು ಸಲ ಕಚೇರಿಗೆ ಅಲೆದರು. ಜುಲೈನಲ್ಲಿ ತಮ್ಮ ತಂಡವನ್ನು ಹೊಸ ಲೀಗಿಗೆ ಹುಬ್ಬಳ್ಳಿಗೆ ಕರೆದೊಯ್ದರು. ನಲವತ್ತು ಕಾಲೇಜು, ಕೆಂಪು ಟ್ರ್ಯಾಕು, ಕಂಪ್ಯೂಟರಿನಲ್ಲಿ ಸಮಯ. ಅವರ ಇಬ್ಬರು ಹುಡುಗರು ಪದಕ ಗೆದ್ದರು. ಕಾಂತಾರಿಗೆ ಅಲ್ಲಿ ಮಾಡಲು ಏನೂ ಕೆಲಸವಿರಲಿಲ್ಲ. ಎರಡು ದಿನ ಗ್ಯಾಲರಿಯಲ್ಲಿ ಕೂತಿದ್ದು, ಒಬ್ಬರಿಗೂ ಪರಿಚಯವಾಗದೆ ಬಂದರು.

ಪ್ರತಿ ಆಗಸ್ಟಿನಲ್ಲಿ ದಿನಾಂಕ ಗೊತ್ತುಮಾಡಲು ಅವರು ಗುರುಸಿದ್ದರಿಗೆ ಫೋನ್ ಮಾಡುತ್ತಿದ್ದರು. ಈ ಆಗಸ್ಟ್ ಬಂದಾಗ ಅವರಿಗೆ ಒಂದು ವಿಷಯ ಹೊಳೆಯಿತು. ಮೂವತ್ತಕ್ಕೂ ಹೆಚ್ಚು ವರ್ಷದಲ್ಲಿ ತಾವಿಬ್ಬರೂ ಕೂಟದ ಹೊರತು ಇನ್ನೊಂದು ವಿಷಯ ಮಾತಾಡಿದ್ದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮಳೆ ಹಿಡಿದಿದ್ದಾಗ ಫೋನ್ ಮಾಡಿದರು.

"ಏನ್ ಕೆಲಸ ಇತ್ರಿ ಮೇಡಮ್?" ಎಂದು ಗುರುಸಿದ್ದ ಕೇಳಿದರು.

"ಕೆಲಸ ಏನಿಲ್ರಿ ಸರ. ಸುಮ್ನ ಮಾಡ್ದೆ."

ಗುರುಸಿದ್ದ ಖಾನಾಪುರದಲ್ಲಿ ಮಳೆ ಜಾಸ್ತಿ ಎಂದರು. ಸಮೃದ್ಧಿ ದಿನಾ ಬೆಳಿಗ್ಗೆ ಓಡುತ್ತಾಳೆ, ವಿಶ್ವವಿದ್ಯಾಲಯದ ಕೂಟಕ್ಕೆ ಹೋಗುತ್ತಾಳೆ ಎಂದರು. ಕಾಂತಾ ಒಳ್ಳೆಯದಾಯಿತು ಎಂದರು. ಸಿದ್ದಕ್ಕನನ್ನು ಕೇಳಿದೆನೆಂದು ಹೇಳಿ ಅಂದರು. ಆಮೇಲೆ ಇಬ್ಬರಿಗೂ ಮಾತು ಸಿಗದೆ ಫೋನ್ ಇಟ್ಟರು. ಅದರ ನಂತರ ಈವರೆಗೆ ಎರಡು ಸಲ ಮಾತಾಡಿದ್ದಾರೆ.