ಒಂದು ಮೊರ ತೌಡು

ಮೊಣಕಾಲುದ್ದ ಅಗೆದಿದ್ದ ಉಚ್ಚೆಂಗೆಪ್ಪ ಎತ್ತಿದ ಗುದ್ದಲಿಯನ್ನು ಹಾಗೇ ಇಳಿಸಿ, ಕುಕ್ಕರಗಾಲಲ್ಲಿ ಕೂತು ಎಡಮಗ್ಗುಲಿನ ಮಣ್ಣನ್ನು ಕೈಯಿಂದ ಕೆರೆದ. ಕರೀ ಗಾಜಿನ ಒಂದು ಬಳೆ ಸಿಕ್ಕಿತು. ಅವನ ಎರಡು ಬೆರಳು ಕೂಡ ಅದರಲ್ಲಿ ಸಲೀಸಾಗಿ ಹೋಗುವಂತಿರಲಿಲ್ಲ. ಅದನ್ನು ಇದ್ದಲ್ಲೇ ಇಟ್ಟು, ಮಣ್ಣು ಮುಚ್ಚಿ, ಗುಂಡಿಯಿಂದ ಮೇಲೆ ಹತ್ತಿ ಬಂದ.

“ಈ ಮಗ್ಗಲಕ ಅಗಿಯಾಕ ಬರಂಗಿಲ್ರಿ ಯಜಮಾನ್ರ. ಕೂಸಿನ ಕುಣಿ ಐತಿ.”

ಬಳ್ಳಾರಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ದೊಡ್ಡಬಸವರಾಜ ಫೋನಿನಿಂದ ತಲೆ ಎತ್ತಿದ. ಅವನ ತಾಯಿ ಗುರುಬಸಮ್ಮ ಹಿಂದಿನ ದಿನ ಅವನ ಮನೆಯಲ್ಲೇ ತೀರಿಕೊಂಡಿದ್ದಳು. ಎಂಬತ್ತನಾಲ್ಕು ವರ್ಷದ ಹೆಣವನ್ನು ಬೆಳಿಗ್ಗೆ ಕುರುಗೋಡಿಗೆ ತಂದು, ವಿಭೂತಿ ಬಳಿದು, ಹೂ ಏರಿಸಿ, ಕುರ್ಚಿಯಲ್ಲಿ ಕೂರಿಸಿ ರುದ್ರಭೂಮಿಯ ಬೇವಿನ ಮರದ ಕೆಳಗೆ ಇಟ್ಟಿದ್ದರು. ಭಜನೆಯವರು ತಾಳ ನಿಲ್ಲಿಸಿ ಚಹಾ ಕುಡಿಯುತ್ತಿದ್ದರು.

“ಕೂಸಿಂದು ಏನ್ ಉಳಿದಿರತೈತಲೇ ಇಷ್ಟು ವರ್ಷಕ್ಕ? ತಗೀ. ಅಪ್ಪನ ಮಗ್ಗಲಕ ಕುಂದ್ರಿಸಬೇಕು ಅವ್ವನ್ನ.”

“ನಾ ಒಲ್ಲೆರಿ. ನಮಗೂ ಮಕ್ಕಳು ಮರಿ ಅದಾವ.”

ಆಚೆ ಕಲ್ಲಿನ ಮೇಲೆ ಕೂತಿದ್ದ ತಿಪ್ಪಮ್ಮ ಈ ಮಾತು ಕೇಳಿ ಎದ್ದು ಬಂದಳು. ಸತ್ತವಳ ಮಗಳು ಅವಳು, ದೊಡ್ಡಬಸವರಾಜನ ಅಕ್ಕ. ಸಿರುಗುಪ್ಪದಲ್ಲಿ ಮೂವತ್ತೊಂದು ವರ್ಷದಿಂದ ಅಂಗನವಾಡಿ ಟೀಚರ್. ಒಂದು ಹಿಡಿ ಮಣ್ಣು ಹಾಕಿ ಮಧ್ಯಾಹ್ನದ ಬಸ್ಸಿಗೆ ವಾಪಸು ಹೋಗಬೇಕು, ಒಂದು ಹನಿ ಕಣ್ಣೀರೂ ಹಾಕಬಾರದು ಎಂದು ನಿಶ್ಚಯ ಮಾಡಿಕೊಂಡೇ ಮನೆ ಬಿಟ್ಟಿದ್ದಳು. ಅವ್ವನ ಮೇಲಿನ ಸಿಟ್ಟು ಅವಳ ಜೊತೆಯಲ್ಲೇ ಬೆಳೆದು, ಅವಳ ಜೊತೆಯಲ್ಲೇ ಮುದಿಯಾಗಿತ್ತು.

ಜಾಲಿಕಂಟಿಯ ಹಿಂದೆ ನಾಲ್ಕು ಸಣ್ಣ ದಿಬ್ಬಗಳು ಸಾಲಾಗಿದ್ದವು. ಸುತ್ತ ಕಲ್ಲು ಜೋಡಿಸಿ ಸುಣ್ಣ ಹಚ್ಚಿದ್ದರು. ಸುಣ್ಣ ಹಳೆಯದಲ್ಲ, ಇದೇ ದೀಪಾವಳಿಯದು. ಪಕ್ಕದಲ್ಲೇ ಅಪ್ಪ ಕೊಟ್ಟೂರಪ್ಪನ ಗದ್ದಿಗೆಯ ಕಲ್ಲು ಸೀಳಿಕೊಂಡು, ಮೇಲೆ ಆಡಿನ ಹಿಕ್ಕೆ ಬಿದ್ದಿತ್ತು. ದಿನಬೆಳಗಾದರೆ ಮಕ್ಕಳ ಎತ್ತರ ತೂಕ ನೋಡುವವಳಿಗೆ ಅಳತೆಪಟ್ಟಿ ಬೇಕಾಗಲಿಲ್ಲ. ಮೊದಲನೆಯದು ಒಂದೂವರೆ ವರ್ಷದ್ದು, ಎರಡನೆಯದು ಹತ್ತು ತಿಂಗಳದ್ದು, ಉಳಿದೆರಡು ಇನ್ನೂ ಚಿಕ್ಕವು.

“ಯಾರವು ಇವು?” ಎಂದು ಕೇಳಿದಳು.

ದೊಡ್ಡಬಸವರಾಜ ತನ್ನ ಚಪ್ಪಲಿ ನೋಡಿಕೊಂಡ. ಕ್ರಿಯೆ ಮಾಡಿಸಲು ಬಂದಿದ್ದ ಅಯ್ನೋರು ಜೋಳಿಗೆಯಲ್ಲಿ ಏನೋ ಹುಡುಕಿದರು. ಹಳೇ ನೆರೆಮನೆಯ ಜಡೆಮ್ಮ ಮಾತ್ರ ಕೋಲೂರಿಕೊಂಡು ಹತ್ತಿರ ಬಂದಳು.

“ಇನ್ನ ಮುಚ್ಚಿಟ್ಟು ಏನ್ ಮಾಡೋದೈತಿ, ಹೇಳಬ್ಯಾಡ್ರಿ ಅಂತ ಆಣಿ ಹಾಕಿಸಿಕೊಂಡಾಕಿನ ಹೋದ್ಲು. ನಿನ್ನ ಮುಂದ ಹುಟ್ಟಿದವು ಯವ್ವಾ. ಸುನಂದಾ, ಗಿರಿಜಾ, ಮಲ್ಲಿಕಾರ್ಜುನ, ವಿಜಯಲಕ್ಷ್ಮಿ.”

ತಿಪ್ಪಮ್ಮ ತಮ್ಮನ ಕಡೆ ತಿರುಗಿದಳು. “ನಿನಗ ಗೊತ್ತಿತ್ತು?”

“ದೀಪಾವಳಿಗೊಮ್ಮೆ ಸುಣ್ಣದ ಬಕೆಟ್ ಹೊತ್ತು ಬರತಿದ್ದಾವ ನಾನ ಅಕ್ಕಾ. ನಿನಗ ತಿಳಿದ್ರ, ನೀ ಇಲ್ಲಿಗೆ ಬಂದ್ರ, ಅವು ನಿನ್ನೂ ಕರಕೊಂತಾವ ಅಂತಿದ್ಲು. ಅಪ್ಪ ಹೋದಾಗ ನೀನು ಬಾಣಂತಿ ಅಂತ ನೆವ ಹೇಳಿ ಹೊಸ್ತಿಲ ದಾಟಗೊಡಲಿಲ್ಲ, ನೆನಪೈತಿಲ್ಲ?”

ಊರಿಗೆ ಊರೇ ಬಲ್ಲ ಸಂಗತಿ ಐವತ್ತೆಂಟು ವರ್ಷ ಅವಳೊಬ್ಬಳಿಗೆ ಗೊತ್ತಿರಲಿಲ್ಲ. ತನಗಿಂತ ಮೊದಲು ಒಂದೆರಡು ಕೂಸು ಹೋಗಿರಬಹುದು ಎಂದು ಅವಳಿಗೂ ಅನ್ನಿಸಿದ್ದುಂಟು. ಕೇಳಿದರೆ ಅವ್ವ, “ತಿಪ್ಪೇಸ್ವಾಮಿ ಹರಕಿ ಹೆಸರದು, ಸುಮ್ಕಿರು” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಒಳ್ಳೊಳ್ಳೆಯ ಹೆಸರೆಲ್ಲ ಇಲ್ಲಿ ಮಣ್ಣಿನಲ್ಲಿದ್ದವು. ತಿಪ್ಪೆಯ ಹೆಸರು ಹೊತ್ತವಳು ಮೇಲೆ ನಿಂತು ನೋಡುತ್ತಿದ್ದಳು.

*

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಗುರುಬಸಮ್ಮನ ಮನೆಯಲ್ಲಿ ಆ ಗಾದೆ ತಮ್ಮನ ಪಾಲಿಗೆ ಮಾತ್ರ ನಿಜವಾಯಿತು. ಅವನಿಗೆ ಊರ ದೇವರ ಹೆಸರು, ಹೊಸ ಅಂಗಿ, ಎಣ್ಣೆ ನೀರು. ತಿಪ್ಪಮ್ಮನಿಗೆ ಜಡೆಮ್ಮನ ಮಕ್ಕಳು ಉಟ್ಟು ಬಿಟ್ಟ ಲಂಗ. ಹಬ್ಬದ ದಿನವೂ ಅವ್ವ ಅವಳ ತಲೆಗೆ ಎಣ್ಣೆ ಇಡಲಿಲ್ಲ. “ಹೋಗು, ಜಡೆಮ್ಮ ಇಡತಾಳ” ಎಂದು ಅಟ್ಟುತ್ತಿದ್ದಳು.

ಜ್ವರ ಬಂದು ಮಲಗಿದರೆ ಬಾಗಿಲಲ್ಲೇ ನಿಂತು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದಳು. “ಏ ಜಡೆಮ್ಮಾ, ನಿನ್ನ ಕೂಸಿಗೆ ಮೈ ಸುಡಾಕತ್ತೈತಿ, ಬಂದು ಎತ್ತಿಕೊಂಡು ಹೋಗು!” ಜಡೆಮ್ಮ ಬಂದು ಎತ್ತಿಕೊಂಡು ಹೋಗುತ್ತಿದ್ದಳು.

ಐದನೇ ಕ್ಲಾಸಿನಲ್ಲಿ ಚಂದದ ಅಕ್ಷರಕ್ಕೆ ಒಂದು ಸ್ಟೀಲಿನ ತಟ್ಟೆ ಬಹುಮಾನ ಬಂದಿತ್ತು. ಸಾಲಿಯಿಂದ ಓಡಿ ಬಂದು ಅವ್ವನ ಮುಂದೆ ಹಿಡಿದಳು. ಗುರುಬಸಮ್ಮ ತಟ್ಟೆಯನ್ನು ಒಂದು ಗಳಿಗೆ ನೋಡಿ, “ಥೂ, ತಿಪ್ಪಿಮ್ಯಾಲಿನ ಕಸಕ್ಕ ಯಾಕ ಬೇಕಿತ್ತು ತಾಟು!” ಎಂದು ಮೂರು ಸಲ ಉಗಿದು ಒಳಗೆ ಹೋದಳು. ಆವತ್ತು ರಾಗಿ ಬೀಸುವ ಕಲ್ಲಿನ ಹಿಂದೆ ಕೂತು ಅತ್ತದ್ದೇ ಕೊನೆ, ಅವ್ವನ ಸಲುವಾಗಿ ಮತ್ತೆ ಅಳಲಿಲ್ಲ. ಮದುವೆಯಲ್ಲಿ ಧಾರೆ ಎರೆದವಳೂ ಜಡೆಮ್ಮನೇ. ಅವ್ವ ಅಡಿಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಳು.

*

“ಅಪ್ಪನ ಮಗ್ಗಲಕ ಬ್ಯಾಡ. ಈ ಕೂಸುಗಳ ಕಾಲ್ದೆಸಿಗೆ ತಗೀ, ಉಚ್ಚೆಂಗೆಪ್ಪ” ಎಂದಳು ತಿಪ್ಪಮ್ಮ.

“ಗಂಡನ್ನ ಬಿಟ್ಟು ಬ್ಯಾರೆ ಕಡೆ ಕುಂದ್ರಿಸಿದ್ರ ನಾಕು ಮಂದಿ ಏನಂತಾರ ಅಕ್ಕಾ?”

“ಗಂಡನ ಗದ್ದಿಗಿಗೆ ಸುಣ್ಣ ಹಚ್ಚಿದ್ಲೇನು ಆಕಿ?”

ದೊಡ್ಡಬಸವರಾಜ ಅಯ್ನೋರ ಕಡೆ ತಿರುಗಿದ. ಅಯ್ನೋರು, “ಆಗಲೇಳು ತಮ್ಮಾ, ಭೂಮಿ ಎಲ್ಲಾ ಶಿವಂದ” ಎಂದು ಹೇಳಿ ಜಗಳ ಮುಗಿಸಿದರು. ಉಚ್ಚೆಂಗೆಪ್ಪ ಹೊಸ ಜಾಗದಲ್ಲಿ ಗೆರೆ ಹೊಡೆದ.

ಗುಂಡಿ ಆಗುವ ತನಕ ಜಡೆಮ್ಮ ಮತ್ತು ತಿಪ್ಪಮ್ಮ ದಿಬ್ಬಗಳ ಹತ್ತಿರವೇ ಕೂತರು. ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳತೊಡಗಿದಳು.

“ನಾಕು ಹೋದ ಮ್ಯಾಲೆ ನೀ ಹುಟ್ಟಿದಿ. ಹುಟ್ಟಿದ ತಾಸಿಗೆ ನಿನ್ನ ತಿಪ್ಪಿಮ್ಯಾಲೆ ಉಳ್ಳಾಡಿಸಿದ್ರು. ಮಕ್ಕಳು ದಕ್ಕಿದ ಮನಿಯಾಕಿ ಕೊಳ್ಳಬೇಕು ಅಂತಾರ. ನನಗ ಆರು ಮಕ್ಕಳು, ಆರೂ ಗಟ್ಟಿ. ಒಂದು ಮೊರ ತೌಡು ಕೊಟ್ಟು ನಿನ್ನ ಕೊಂಡೆ. ಅವತ್ತಿನಿಂದ ನೀ ನನ್ನ ಕೂಸು. ನಿಮ್ಮವ್ವ ಮೊಲಿ ಕುಡಿಸಾಕ ಅಷ್ಟ ಬಂದು ಹೋಗತಿದ್ಲು, ಅದೂ ಮುಖ ಆ ಕಡೆ ತಿರುವಿಕೊಂಡು. ನನ್ನ ಕಣ್ಣ ಬಡದು ನಾಕು ಹೋದ್ವು, ಇದರ ಮುಖ ನಾ ನೋಡಂಗಿಲ್ಲ ಅಂತಿದ್ಲು.”

“ತಮ್ಮ ಬಸಣ್ಣನ್ನ ಮಾತ್ರ ಹೆಂಗ ಮುದ್ದು ಮಾಡಿದ್ಲು?”

“ನೀ ಉಳದಿದ್ದೆಲ್ಲ. ದೆವ್ವ ಬಿಡ್ತು ಅಂದ್ಲು. ಆದ್ರ ಮಾರಿದ ಕೂಸನ್ನ ತಿರುಗಿ ನಂದು ಅಂದ್ರ ಕೆಡತೈತಿ ಅಂತ ನಿನ್ನ ಮುಟ್ಟಲಿಲ್ಲ.”

ತಿಪ್ಪಮ್ಮ ಕಲ್ಲಿನ ಮೇಲಿನ ಸುಣ್ಣವನ್ನು ಉಗುರಿನಿಂದ ಕೆರೆದಳು. ಕೇಳಬಾರದೆಂದುಕೊಂಡರೂ ಅಂಗನವಾಡಿ ಟೀಚರ ಬಾಯಿ ಕೇಳಿಬಿಟ್ಟಿತು.

“ಏನಾಗಿ ಹೋದ್ವು ದೊಡ್ಡವ್ವ?”

“ಭೇದಿ. ನಾಕಕ್ಕೂ ಭೇದಿನ. ಹೊಟ್ಟಿ ಹರಿಯೋ ಮುಂದ ನೀರು ಕೊಟ್ರ ಇನ್ನಷ್ಟು ಹರಿತೈತಿ ಅಂತ ನಿಮ್ಮಜ್ಜಿ ಕಟ್ಟು ಮಾಡಿದ್ಲು. ಹನಿ ನೀರು ಬಿಡಂಗಿಲ್ಲ. ದೊಡ್ಡಾಕಿ ಸುನಂದಾ, ಆಗಲೇ ನಡಿಯಾಕ ಕಲತಿತ್ತು, ಮಲಗಿದಲ್ಲೇ ತಂಬಿಗಿ ಕಡೆ ಬಟ್ಟು ಮಾಡಿ ತೋರಿಸ್ತಿತ್ತು. ನಿಮ್ಮವ್ವ ಅಳಕೋತ ತಂಬಿಗಿ ತಗೊಂಡು ಹೋಗಿ ಹೊರಗಿಟ್ಲು. ನಾ ಕಣ್ಣಾರೆ ನೋಡೀನಿ.”

“ನನಗ ಆಗಿರಲಿಲ್ಲೇನು ಭೇದಿ?”

“ಆಗಿತ್ತಲ್ಲ, ಎಂಟು ತಿಂಗಳಿದ್ದಾಗ. ಆದ್ರ ಮೊಲಿ ಬಿಡೋ ತನಕ ನೀ ನನ್ನ ಮನ್ಯಾಗಿದ್ದಿ. ನನಗ ಆ ಕಟ್ಟುನಿಟ್ಟು ತಿಳೀತಿರಲಿಲ್ಲ. ಬಾಯಿ ಬಿಟ್ಟಾಗೊಮ್ಮೆ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸ್ತಿದ್ದೆ. ಮೂರು ದಿನಕ್ಕ ಎದ್ದು ಕುಂತಿ. ತೌಡು ಫಲಿಸ್ತು ಅಂತ ನಿಮ್ಮವ್ವ ನನ್ನ ಕಾಲು ಹಿಡಕೊಂಡ್ಲು.”

ತಿಪ್ಪಮ್ಮ ಉಗುರಿಗೆ ಮೆತ್ತಿದ ಸುಣ್ಣ ಒರೆಸಿಕೊಂಡಳು. ಉಳಿಸಿದ್ದು ತೌಡಲ್ಲ. ತಿಪ್ಪೆಯಲ್ಲ, ಉಗಿದದ್ದಲ್ಲ, ಮುಖ ತಿರುವಿದ್ದೂ ಅಲ್ಲ. ಒಂದು ಚಿಟಿಕೆ ಉಪ್ಪು ಮತ್ತು ಗಂಜಿ ನೀರು. ಅಷ್ಟು ತಿಳಿಯದೆ ಒಬ್ಬ ತಾಯಿ ಇಡೀ ಜೀವಮಾನ ಮಗಳನ್ನು ಮುಟ್ಟದೆ ಸತ್ತಿದ್ದಳು. ಇದನ್ನೆಲ್ಲ ಯೋಚಿಸುತ್ತಿರುವಾಗಲೇ ಅವಳಿಗೆ ಸಿರುಗುಪ್ಪದ ಒಂದು ಮಧ್ಯಾಹ್ನ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

*

ಹನ್ನೊಂದು ವರ್ಷದ ಹಿಂದಿನ ಮಾತು. ಹೇಳದೆ ಕೇಳದೆ ಅವ್ವ ಸಿರುಗುಪ್ಪಕ್ಕೆ ಬಂದು, ಮನೆಗೆ ಬೀಗ ನೋಡಿ, ವಿಚಾರಿಸಿಕೊಂಡು ಅಂಗನವಾಡಿಗೇ ಬಂದಿದ್ದಳು. ಕೈಯಲ್ಲಿ ಮಂಡಕ್ಕಿಯ ಚೀಲ. ಅದು ತಾಯಂದಿರ ಸಭೆಯ ದಿನ. ಹಿಂದಿನ ಗೋಡೆಗೆ ಒರಗಿ, ಎಳೇ ಬಾಣಂತಿಯರ ನಡುವೆ ಕೂತಳು. ಮಗಳನ್ನು ಎಲ್ಲರೂ “ಟೀಚರ್, ಟೀಚರ್” ಅನ್ನುವುದನ್ನು ಬಾಯಿ ತೆರೆದುಕೊಂಡು ಕೇಳುತ್ತಿದ್ದಳು.

“ಒಂದು ಲೀಟರ್ ಕುದಿಸಿ ಆರಿಸಿದ ನೀರು, ಆರು ಚಮಚ ಸಕ್ಕರಿ, ಅರ್ಧ ಚಮಚ ಉಪ್ಪು. ಭೇದಿ ಆದ ಕೂಸಿಗೆ ಕುಡಿಸ್ತನ ಇರಬೇಕು” ಎಂದು ತಿಪ್ಪಮ್ಮ ಹೇಳುತ್ತಿದ್ದಳು.

ಒಬ್ಬ ಹುಡುಗಿ, “ನಮ್ಮತ್ತಿ ನೀರು ಕೊಡಬ್ಯಾಡ ಅಂತಾಳ್ರಿ ಟೀಚರ್” ಅಂದಳು.

ಅವ್ವ ಕೇಳಲಿ, ತಾನೂ ಒಂದು ಆಳಾಗಿದ್ದೇನೆ ಎಂದು ತಿಳಿಯಲಿ ಎಂಬ ಹುಮ್ಮಸ್ಸಿನಲ್ಲಿ ತಿಪ್ಪಮ್ಮ ದನಿ ಏರಿಸಿದಳು. “ಭೇದಿ ಆದ ಕೂಸಿಗೆ ನೀರು ಕೊಡದ ತಾಯಿ ತನ್ನ ಕೈಯಾರೆ ಅದರ ಕುತ್ತಿಗಿ ಹಿಚುಕಿದಂಗ. ಅದನ್ನ ದೇವರು ಒಯ್ಯಂಗಿಲ್ಲ, ತಾಯಿನ ಕೊಲ್ಲತಾಳ.”

ಹಿಂದಿನ ಗೋಡೆಯಿಂದ ಒಂದು ಸಣ್ಣ ದನಿ ಬಂತು. “ಆಗಿನ ಕಾಲದಾಗೂ ಹಂಗನಾ?”

“ಯಾವ ಕಾಲದಾಗಾದ್ರೂ ನೀರು ನೀರ ಅಲ್ಲೇನವ್ವ!” ಎಂದು ತಿಪ್ಪಮ್ಮ ನಕ್ಕಳು. ಹುಡುಗಿಯರೂ ನಕ್ಕರು.

ಗುರುಬಸಮ್ಮ ಗೋಡೆ ಹಿಡಿದು ಎದ್ದಳು. ಊಟಕ್ಕೂ ನಿಲ್ಲಲಿಲ್ಲ. ಮಂಡಕ್ಕಿ ಚೀಲ ಅಲ್ಲೇ ಉಳಿಯಿತು. ಆಮೇಲೆ ಸಿರುಗುಪ್ಪದ ಕಡೆ ತಲೆ ಹಾಕಲಿಲ್ಲ. ತನ್ನನ್ನು ನಾಲ್ಕು ಜನ ಟೀಚರ್ ಅಂದದ್ದನ್ನು ನೋಡಿ ಅವ್ವನ ಹೊಟ್ಟೆ ಉರಿಯಿತು ಎಂದು ತಿಪ್ಪಮ್ಮ ಹನ್ನೊಂದು ವರ್ಷ ಕಂಡಕಂಡವರ ಮುಂದೆ ಹೇಳಿಕೊಂಡು ಬಂದಿದ್ದಳು.

*

ಭಜನೆಯವರು ಮತ್ತೆ ತಾಳ ಹಿಡಿದರು. ಗುರುಬಸಮ್ಮನನ್ನು ಕುರ್ಚಿಯಿಂದ ಬಿಚ್ಚಿ, ನಾಲ್ಕು ಜನ ಕೆಳಗಿಳಿಸಿ, ಗುಂಡಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಪದ್ಮಾಸನ ಹಾಕಿ ಕೂರಿಸಿದರು. ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತಲೂ ವಿಭೂತಿ, ಬಿಲ್ವಪತ್ರೆ ತುಂಬಿದರು. ಗೂಡಿನ ಬಾಯಿ ಮಕ್ಕಳ ದಿಬ್ಬದ ಕಡೆಗಿತ್ತು. ಹಾಗೆ ಬರಬೇಕು ಎಂದು ಯಾರೂ ಹೇಳಿರಲಿಲ್ಲ, ಉಚ್ಚೆಂಗೆಪ್ಪನೇ ಹಾಗೆ ಅಗೆದಿದ್ದ.

“ಮಕ್ಕಳು ಮೊದಲು ಬರ್ರಿ. ಹಿರೇ ಮಗಳು” ಎಂದು ಅಯ್ನೋರು ಕರೆದರು.

ತಿಪ್ಪಮ್ಮ ಗುಂಡಿಯ ಅಂಚಿಗೆ ಬಂದು ಮೊಣಕಾಲೂರಿದಳು. ಒಂದು ಹಿಡಿ ಮಣ್ಣು ತುಂಬಿಕೊಂಡು, “ಇದು ಸುನಂದಾಂದು” ಎಂದು ಬಿಟ್ಟಳು. ಜನ ಮುಖ ಮುಖ ನೋಡಿಕೊಂಡರು. “ಇದು ಗಿರಿಜಾಂದು.” ಭಜನೆಯ ತಾಳ ತಪ್ಪಿತು. “ಮಲ್ಲಿಕಾರ್ಜುನಂದು. ವಿಜಯಲಕ್ಷ್ಮಿದು.” ನಾಲ್ಕು ಹಿಡಿಯೂ ಅವ್ವನ ಮಡಿಲಲ್ಲಿ ಬಿದ್ದವು. ಜಡೆಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಐದನೆಯ ಹಿಡಿ ತುಂಬಿಕೊಂಡಳು. ಕೈ ಗುಂಡಿಯ ಮೇಲೆ ಚಾಚಿದಳು. ಕೆಳಗೆ ಗುರುಬಸಮ್ಮನ ಮುಖ ಈ ಸಲ ಯಾವ ಕಡೆಗೂ ತಿರುಗಿಕೊಂಡಿರಲಿಲ್ಲ.

“ಹಾಕು ಅಕ್ಕಾ, ಹಿಂದ ಮಂದಿ ನಿಂತಾರ” ಎಂದ ತಮ್ಮ.

ಬೆರಳು ಬಿಚ್ಚಲಿಲ್ಲ. ಜಡೆಮ್ಮ ಬಂದು ಮಣಿಕಟ್ಟು ಹಿಡಿದು ಅಲ್ಲಾಡಿಸಿದಳು. “ಬಿಡು ಯವ್ವಾ, ಸಿಟ್ಟು ಬಿಡು. ಸತ್ತಾಕಿ ಮ್ಯಾಲೆ ಎಂತಾ ಸಿಟ್ಟು?” ಅದು ಸಿಟ್ಟಲ್ಲ ಎಂದು ಆ ಮುದುಕಿಗೆ ಹೇಗೆ ಹೇಳುವುದು? ತಿಪ್ಪಮ್ಮ ಬಲಗೈಯ ಮುಷ್ಟಿಯನ್ನು ಎದೆಗೊತ್ತಿಕೊಂಡು ಎದ್ದು ಪಕ್ಕಕ್ಕೆ ಸರಿದಳು. ಅವಳ ಹಿಂದೆ ದೊಡ್ಡಬಸವರಾಜ, ಅವನ ಹಿಂದೆ ಊರವರು, ಒಬ್ಬೊಬ್ಬರಾಗಿ ಮಣ್ಣು ಹಾಕಿದರು.

ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರದ ನಳದಲ್ಲಿ ಜನ ಕೈಕಾಲು ತೊಳೆದುಕೊಂಡರು. ಅವಳ ಸರದಿ ಬಂದಾಗ ತಮ್ಮ ನಳ ತಿರುವಿ ಹಿಡಿದ. ತಿಪ್ಪಮ್ಮ ಎಡಗೈಯನ್ನಷ್ಟೇ ನೀರಿಗೆ ಒಡ್ಡಿದಳು.